ಅಣ್ಣನ ಬೂಟಿನ ನೀರುಗೆರೆ

ಕಬಿನಿ ಹೊಳೆಯಲ್ಲಿ ಹರಿಗೋಲು ಮಗುಚಿದಾಗ ನನ್ನ ಕೈಗೆ ಸಿಕ್ಕಿದ್ದು ಅಣ್ಣನ ಬೂಟುಗಾಲು. ಅದನ್ನೇ ಹಿಡಿದು ಅವನನ್ನು ದಡಕ್ಕೆಳೆದೆ. ಕಣ್ಣು ಮುಚ್ಚಿದರೆ ಆ ಭಾರ ಇಂದಿಗೂ ಕೈ ಜಗ್ಗುತ್ತದೆ.

ಹುಣಸೂರಿನ ಮನೆಯಲ್ಲಿ ಅತ್ತಿಗೆ ತುಂಬು ಗರ್ಭಿಣಿ. ಅವರಿಗೆ ತಿಳಿಯಬಾರದೆಂದು, ಅಣ್ಣ ಕಾಡಿನ ಗಾರ್ಡಾಗಿದ್ದ ಅಂತರಸಂತೆಯಲ್ಲೇ ಉಳಿದೆವು. ಒಣಗಿದ ಬೂಟಿನ ಮೇಲೆ ಬಿಳಿ ನೀರುಗೆರೆ ಎದ್ದಿತ್ತು. ಗೆರೆಯನ್ನಷ್ಟೇ ಉಜ್ಜಿದೆವು, ಸುತ್ತ ಇನ್ನೊಂದು ಗೆರೆ ಬಂತು. ಕಡೆಗೆ ಒದ್ದೆ ಬಟ್ಟೆಯಿಂದ ಇಡೀ ಬೂಟನ್ನು ಸಮನಾಗಿ ಒರೆಸಿ, ಒಳಗೆ ರಾಗಿಹುಲ್ಲು ತುರುಕಿ, ನೆರಳಲ್ಲಿ ಒಣಗಿಸಿ, ಹರಳೆಣ್ಣೆ ಸವರಿದೆವು. ಕಲೆ ಹೋಯಿತು.

ಊರಿಗೆ ಹೋದಾಗ ಮನೆಬಾಗಿಲಲ್ಲಿ ಅತ್ತಿಗೆ ಬೂಟನ್ನೇ ನೋಡಿದರು.

“ಮದ್ವೆ ದಿನಾನೂ ಇಂಗೆ ಮಿಂಚಿರ್ನಿಲ್ಲ ಕಣ್ರೀ. ಏನ್ ಮುಚ್ತಾ ಇದೀರಿ?”

“ಹೊಳೆಗೆ ಬಿದ್ದಿದ್ದೆ,” ಎಂದ ಅಣ್ಣ.

ಅತ್ತಿಗೆ ಬೈಯಲಿಲ್ಲ. ಕಷ್ಟಪಟ್ಟು ಕೂತು, ಲೇಸು ಬಿಚ್ಚಿ, ಅವನ ಪಾದವನ್ನು ಹಿಡಿದುಕೊಂಡರು.