ತಂಗಡಿ ಪುಡಿಯ ಮೇಲೆ ಮೈತ್ರಿಯ ಫೋಟೊ

ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಧರ್ಮಣ್ಣನ ಮಗಳು ಮೈತ್ರಿ, ಆ ಓಣಿಯಿಂದ ಪಿಎಚ್.ಡಿ.ಗೆ ಸೇರಿದ ಮೊದಲಿಗಳು. ನಾಲ್ಕು ವರ್ಷ ಚಿಂಚೋಳಿ ಕಾಡಿನಂಚಿನಿಂದ ತಂಗಡಿ ಗಿಡದ ಎಲೆ ತಂದು, ನೆರಳಲ್ಲಿ ಒಣಗಿಸಿ, ಸಾರ ತೆಗೆದು ಪರೀಕ್ಷಿಸಿದಳು. ಸಾರ ಬೆರೆಸಿದಾಗ ಪರೀಕ್ಷೆಯ ನೇರಳೆ ದ್ರಾವಣ ಹಳದಿಗೆ ತಿರುಗಿತು. ಅಂದರೆ ಎಲೆಯಲ್ಲಿ ಆಂಟಿಆಕ್ಸಿಡೆಂಟ್ ಗುಣವಿತ್ತು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಅದೇ ಸಾರ ಹಾಕಿದಾಗ ಅರ್ಧದಷ್ಟು ಸತ್ತವು. ಇಲಿಯ ಮೇಲೂ ಪ್ರಯೋಗವಾಗಿಲ್ಲ, ಮನುಷ್ಯರ ಮಾತು ಇನ್ನೂ ದೂರ ಎಂದು ಅವಳೇ ಪ್ರಬಂಧದ ಕೊನೆಗೆ ಬರೆದಿದ್ದಳು.

ಪತ್ರಿಕೆಯೊಂದು ಆ ಮಾತನ್ನು ಬಿಟ್ಟು, ಅವಳ ಫೋಟೊದೊಂದಿಗೆ 'ಕ್ಯಾನ್ಸರಿಗೆ ನಮ್ಮ ಕಾಡಿನ ಮದ್ದು' ಎಂದು ಅಚ್ಚು ಹಾಕಿತು.

ಮೂರು ತಿಂಗಳಾದ ಮೇಲೆ ಊರಿಗೆ ಬಂದವಳು ಪಕ್ಕದ ಮನೆಯ ಜಾನಬಿಯನ್ನು ನೋಡಲು ಹೋದಳು. ಜಾನಬಿಗೆ ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ. ಕಲಬುರಗಿಯಲ್ಲಿ ಚಿಕಿತ್ಸೆ ಶುರುವಾಗಿತ್ತು.

"ಆಸ್ಪತ್ರೆ ಸೂಜಿ ಬಿಟ್ಟೀನಿ ಬೇಟಿ. ಕೂದಲಾ ಎಲ್ಲಾ ಉದುರಲಿಕತ್ತಿದ್ವು. ಈಗ ನಿಂದೇ ಔಷಧ ತಗೊಳ್ಳಿಕತ್ತೀನಿ."

"ನಂದು ಯಾವ ಔಷಧ ಖಾಲಾ?"

ಜಾನಬಿ ದಿಂಬಿನಡಿಯಿಂದ ಪೊಟ್ಟಣ ತೆಗೆದಳು. ಚಿತ್ತಾಪುರದ ಸಾಬಣ್ಣನ ಅಂಗಡಿಯ ತಂಗಡಿ ಪುಡಿ. ಮೇಲೆ ಮೈತ್ರಿಯ ನಗುಮುಖ.

ಮೈತ್ರಿ ತನ್ನ ಪಿಎಚ್.ಡಿ. ಮಾರ್ಗದರ್ಶಕ ರಮೇಶಕುಮಾರರಿಗೆ ಫೋನ್ ಮಾಡಿದರೆ ಅವರು, "ಸುಮ್ಮನಿರು. ನಮ್ಮ ವಿಭಾಗಕ್ಕ ಹೆಸರು ಬಂದದ, ಈಗ ಯಾಕ ಕೆಡಸ್ತಿ?" ಎಂದರು.

ಮರುದಿನ ಬೆಳಿಗ್ಗೆಯೇ ಮೈತ್ರಿ ಜಾನಬಿಯ ಮಗಳು ಮಹೆಕ್‌ಳನ್ನು ಕರೆದುಕೊಂಡು ಚಿತ್ತಾಪುರಕ್ಕೆ ಹೋದಳು. ಅಂಗಡಿ ಮುಂದೆ ಆಸ್ಪತ್ರೆಯ ಫೈಲು ಹಿಡಿದ ಏಳೆಂಟು ಜನ ಕೂತಿದ್ದರು.

"ಬರ್ರಿ ಮೇಡಂ, ಕುಂದ್ರಿ," ಎಂದ ಸಾಬಣ್ಣ. "ನೀವು ಪರೀಕ್ಷೆ ಮಾಡೀರಿ, ನಾ ಮಾರಲಿಕತ್ತೀನಿ. ತಪ್ಪೇನದ?"

"ನಾ ಮಾಡಿದ್ದು ತಟ್ಟೆಯೊಳಗಿನ ಕೋಶದ ಮ್ಯಾಲ. ಅದರೊಳಗ ಫಿನಾಯಿಲ್ ಹಾಕಿದ್ರೂ ಅವು ಸಾಯ್ತಾವ. ಫಿನಾಯಿಲ್ ಕುಡಸ್ತೀರೇನು ಇವರಿಗೆ?"

ಅವಳು ಜನರ ಕಡೆ ತಿರುಗಿದಳು. "ಈ ಫೋಟೊದಾಕಿ ನಾನೇ. ಇದು ಔಷಧ ಅಲ್ರಿ. ಆಸ್ಪತ್ರೆ ಬಿಡಬ್ಯಾಡ್ರಿ."

ಸೇಡಂ ಕಡೆಯಿಂದ ಬಂದಿದ್ದ ಮುದುಕನೊಬ್ಬ ಪೊಟ್ಟಣ ತಿರುಗಿಸಿ ನೋಡಿ ಕೇಳಿದ: "ಹಂಗಾದ್ರ ಪೇಪರಿನ್ಯಾಗ ಬಂದಾಗ ನೀ ಯಾಕ ಸುಮ್ಮನಿದ್ದಿ ತಾಯಿ?"

ಪತ್ರಿಕೆಯಲ್ಲಿ ಫೋಟೊ ನೋಡಿದಾಗ ಮೈತ್ರಿಗೂ ಒಳಗೊಳಗೆ ಖುಷಿಯೇ ಆಗಿತ್ತು.

ಅಲ್ಲಿಂದ ನೇರ ಆರೋಗ್ಯಾಧಿಕಾರಿಯ ಕಚೇರಿಗೆ ಹೋಗಿ ದೂರು ಬರೆದುಕೊಟ್ಟಳು. ಪತ್ರಿಕೆಯವರ ಬೆನ್ನು ಬಿಡದೆ ತಿದ್ದುಪಡಿ ಹಾಕಿಸಿದಳು; ಒಳಪುಟದಲ್ಲಿ ಮೂರೇ ಸಾಲು.

ಜಾನಬಿಯನ್ನು ಕಲಬುರಗಿಗೆ ಕರೆದೊಯ್ದಾಗ ಗಡ್ಡೆ ಕಂಕುಳಿಗೂ ಹಬ್ಬಿತ್ತು.

"ಇಷ್ಟು ದಿನ ಎಲ್ಲಿದ್ರಿ?" ಡಾಕ್ಟರು ಗದರಿದರು.

"ನಂಗೇ ಬ್ಯಾಸರಾಗಿತ್ರಿ ಸಾಬ್," ಎಂದಳು ಜಾನಬಿ, ಮೈತ್ರಿಯ ಹೆಸರೆತ್ತದೆ.

"ಸುಳ್ಳು ಸರ್. ನನ್ನ ಫೋಟೊ ನಂಬಿ ಕುಂತಿದ್ರು," ಎಂದಳು ಮೈತ್ರಿ.

ಚಿಕಿತ್ಸೆ ಮತ್ತೆ ಶುರುವಾಯಿತು. ಸಾಬಣ್ಣನ ಅಂಗಡಿಗೆ ಬೀಗ ಬಿತ್ತು. ಅದೇ ಪುಡಿ ವಾಡಿಯಲ್ಲಿ ಬೇರೆ ಹೆಸರಿನಿಂದ ಸಿಗುತ್ತಿದೆ ಎಂದು ಮಹೆಕ್ ತಿಳಿಸಿದ ದಿನವೇ ಮೈತ್ರಿ ವಾಡಿಯ ರೈಲು ಹತ್ತಿದಳು.