ಅರ್ಧ ವೋಲ್ಟೇಜಿಗೆ ಕಾಲು ಕಾವು

"ಇದು ಸಾವಿರ ವ್ಯಾಟಿನ ಕಾಯಿಲ್ ಆದ್ರೆ ನಾನು ಮೈಸೂರು ಮಾರಾಜ!"

ಕಳೆದ ವಾರ ಶಿರಾದ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಹೀಗೆ ಕೂಗಾಡಿದ ಮುದುಕ ನಾನೇ.

ಮಗಳು ಮಂಜುಳಾ ಬಾಣಂತನಕ್ಕೆ ಬಂದಿದ್ದಾಳೆ. ಬಚ್ಚಲೊಲೆಯ ಹೊಗೆ ಕೂಸಿಗೆ ಆಗದು ಎಂದು ಆ ಅಂಗಡಿಯಿಂದ ನೀರು ಕಾಯಿಸುವ ಕಾಯಿಲ್ ತಂದಿದ್ದೆ. ಬಕೆಟ್ಟಿಗೆ ಇಳಿಬಿಟ್ಟು ಗಂಟೆಯಾದರೂ ನೀರು ಉಗುರುಬೆಚ್ಚಗೆ. ಬಾಣಂತಿಗೆ ಶೀತ ಹಿಡಿಯಿತು. ನನಗೆ ಪಿತ್ತ ನೆತ್ತಿಗೇರಿತು.

ಅಂಗಡಿಯ ನಜೀರ್ ಸಾಬ್ರಿಗೆ ಗಿರಾಕಿಗಳೆದುರೇ "ಡೂಪ್ಲಿಕೇಟ್ ಮಾಲು ಮಾರ್ತೀರಾ?" ಅಂದೆ. ಅವರ ಮುಖ ಸಣ್ಣಗಾಯಿತು. ನಾನು ವಾಪಸ್ ತಂದಿದ್ದ ಅದೇ ಕಾಯಿಲನ್ನು ಬಕೆಟ್ ನೀರಿಗಿಳಿಸಿ, ತಂತಿಗೆ ಮೀಟರ್ ಸಿಗಿಸಿದರು.

"ನೀವೇ ಓದ್ರಿ ಯಜಮಾನ್ರೇ. ಲೆಕ್ಕಾನೂ ನೀವೇ ಹಾಕ್ರಿ."

ವೋಲ್ಟೇಜ್ 230. ಕರೆಂಟ್ 4.3 ಆಂಪಿಯರ್. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು (ಈವರೆಗೆ ಒಮ್ಮೆಯೂ ಬಳಸದಿದ್ದು) ನೆನಪಾಯಿತು. ಎರಡನ್ನೂ ಗುಣಿಸಿದರೆ ಪವರ್: ಹತ್ತಿರ ಹತ್ತಿರ ಸಾವಿರ ವ್ಯಾಟ್. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಕಾಯಿಲ್ ಕರೆಂಟಿಗೆ ಒಡ್ಡುವ ರೋಧ: ಐವತ್ಮೂರೂವರೆ ಓಮ್. ಮಾಲು ಅಸಲಿ!

ಸುಮ್ಮನಾದೆನೇ? "ಅಂಗಡೀಲಿ ಕಾಯುತ್ತೆ, ಮನೇಲಿ ಯಾಕ್ ಕಾಯಲ್ಲ?" ಎಂದೆ.

"ಬೆಳಿಗ್ಗೆ ಮನೇಗೇ ಬರ್ತೀನಿ ಬುಡಿ," ಅಂದರು.

ಬಂದರು. ಮತ್ತೆ ಬಕೆಟ್, ಮತ್ತೆ ಮೀಟರ್. ವೋಲ್ಟೇಜ್ ಬರೀ 115! ಕರೆಂಟ್ 2.15. ಭಾಗಿಸಿದೆ. ಅದೇ ಐವತ್ಮೂರೂವರೆ. ಗುಣಿಸಿದೆ. ಇನ್ನೂರೈವತ್ತೂ ಇಲ್ಲ! ವೋಲ್ಟೇಜ್ ಅರ್ಧವಾದರೆ ಕರೆಂಟೂ ಅರ್ಧ. ಅರ್ಧದಲ್ಲಿ ಅರ್ಧ ಅಂದರೆ ಕಾಲು. ಕಾವು ಕಾಲಿಗಿಳಿದಿತ್ತು.

ನನಗೆ ಮೈ ಜುಂ ಅಂತು. ರೋಧ ಶಿರಾದಲ್ಲೂ ಅಷ್ಟೇ, ನಮ್ಮ ಬಚ್ಚಲಲ್ಲೂ ಅಷ್ಟೇ. ಆ ತುಂಡು ಕಾಯಿಲ್ ತನ್ನ ಗುಣವನ್ನು ಎಳ್ಳಷ್ಟೂ ಬಿಟ್ಟಿರಲಿಲ್ಲ. ಬಿಟ್ಟವನು ನಾನು.

ಅದು ಗೊತ್ತಾದದ್ದು ನಜೀರ್ ಸಾಬ್ರು ಕಿವಿಗೊಟ್ಟು ಹೀಗೆ ಕೇಳಿದಾಗ: "ಅದ್ಯಾರ್ದು ಮೋಟಾರು ಗುಂಯ್ ಅಂತಿರೋದು?"

ನನ್ನಾಕೆ ಒಳಗಿಂದಲೇ ಅಂದಳು: "ಇನ್ಯಾರ್ದು? ಇವರ್ದೇ, ಬಾಳೆತೋಟದ್ದು. ತ್ರೀ ಫೇಸ್ ಇಲ್ದಿದ್ರೂ ಕಂಡೆನ್ಸರ್ ಹಾಕಿ ಎಬ್ಬುಸ್ತಾರೆ. ಬಾಳೆಗಿಡ ಬಾಣಂತಿಗಿಂತ ಹೆಚ್ಚು ಕಣಣ್ಣ!"

ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಮನೆಗಳಿಗೆಂದು ಬಿಡುವ ಸಿಂಗಲ್ ಫೇಸಿನಲ್ಲಿ ಹೀಗೆ ಮೋಟಾರು ಓಡಿಸುವುದು ನಮ್ಮ ಕಡೆ ಗುಟ್ಟೇನಲ್ಲ. ತಪ್ಪು ಅಂತ ಗೊತ್ತು. ಎಲ್ಲರೂ ಮಾಡ್ತಾರಲ್ಲ ಎಂಬ ಧೈರ್ಯ. ಆದರೆ ಅದು ಯಾರ ಕಾವನ್ನು ಕಿತ್ತುಕೊಳ್ಳುತ್ತೆ ಅಂತ ಯಾವತ್ತಾದರೂ ಯೋಚಿಸಿದ್ದೆನೇ?

ಓಡಿಹೋಗಿ ಮೋಟಾರು ಆರಿಸಿ ಬಂದೆ. ಮೀಟರಿನಲ್ಲಿ ವೋಲ್ಟೇಜ್ 160ಕ್ಕೆ ನೆಗೆದಿತ್ತು. ಕರೆಂಟ್ 3. ಕಾವು ಅಷ್ಟರಿಂದಲೇ ಹೆಚ್ಚುಕಮ್ಮಿ ಎರಡರಷ್ಟು! ಮಿಕ್ಕಿದ್ದನ್ನು ಅಕ್ಕಪಕ್ಕದ ತೋಟಗಳ ಮೋಟಾರುಗಳು ಎಳೆಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಬಕೆಟ್ಟಿನಿಂದ ಹಬೆ ಎದ್ದಿತು. ಆ ಹಬೆಯನ್ನೇ ನೋಡುತ್ತಾ ನಿಂತೆ, ಮೊದಲ ಸಲ ಬೆಂಕಿ ಕಂಡವನ ಹಾಗೆ.

"ತಪ್ಪಾಯ್ತು ಸಾಬ್ರೇ," ಅಂದೆ.

"ಇಲ್ಲಿ ಅಂದ್ರೆ ಯಾರಿಗೆ ಕೇಳುಸ್ತದೆ? ಬೈದಿದ್ದು ಅಂಗಡೀಲಿ ಅಲ್ವರಾ?" ಎಂದು ನಕ್ಕರು. ನಗುವಿನೊಳಗೆ ನೋವಿತ್ತು.

ಅಂಗಡಿಗೂ ಹೋಗಿ ಹೇಳಿಬಂದೆ. ಅವತ್ತಿನ ಗಿರಾಕಿಗಳನ್ನು ಎಲ್ಲಿ ಹುಡುಕಲಿ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಾಯಿಲ್ ಅಸಲಿ, ನಜೀರ್ ಸಾಬ್ರು ಅಸಲಿ.

ಈಗ ನನ್ನ ಮೋಟಾರು ತ್ರೀ ಫೇಸ್ ಬಂದಾಗಲೇ ಓಡುತ್ತದೆ. ಆದರೂ ಒಂದು ಲೆಕ್ಕ ಬಾಕಿ ಇದೆ. ನಮ್ಮ ಲೈನಿನಲ್ಲಿ ನಮಗಿಂತಲೂ ಆಚೆ, ವೋಲ್ಟೇಜ್ ಮತ್ತಷ್ಟು ಇಳಿಯುವ ತುದಿಯಲ್ಲಿ, ಇನ್ನೂ ಒಂದು ಮನೆಯಿದೆ. ಇಷ್ಟು ವರ್ಷ ಅವರ ಬಕೆಟ್ಟಿನ ನೀರು ಎಷ್ಟು ಕಾದಿತ್ತು?