ವಾಲ್ಯೂಮ್ ಇಳಿಸಿದರೂ ನಿಲ್ಲದ ಗುಂಯ್ ಸದ್ದು

ಗಿರಾಕಿ ದೂರು ತಂದಾಗ ನಾನು ಮೊದಲು ನನ್ನ ಕೆಲಸವನ್ನು ನೋಡಿಕೊಳ್ಳಬೇಕಿತ್ತು. ನೋಡಲಿಲ್ಲ. ಕುಳಗೇರಿ ಕ್ರಾಸಿನ ನಮ್ಮ ಅಂಗಡಿಯಲ್ಲಿ ಆಂಪ್ಲಿಫೈಯರ್ ಬೋರ್ಡು ಅಕ್ಕ ಕಟ್ಟುತ್ತಾಳೆ, ಅದಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ ನಾನು ಮಾಡುತ್ತೇನೆ.

“ಹಾಡಿಗಿಂತ ಗುಂಯ್ ಅನ್ನೂದ ಜೋರ ಐತಲ್ಲೋ! ಒಳಗ ಜೇನ ಸಾಕೀರೇನು?” ಎಂದರು ನಮ್ಮಲ್ಲಿ ಕೊಂಡ ಸೆಟ್ಟನ್ನು ವಾಪಸು ತಂದ ಬೀರಪ್ಪನ ಗುಡಿಯ ಹಿರಿಯರು.

“ಅಕ್ಕನ ಸೋಲ್ಡರಿಂಗ್ ಸರಿ ಆಗಿಲ್ರಿ,” ಎಂದುಬಿಟ್ಟೆ.

ಅಲ್ಲೇ ಕೂತಿದ್ದ ಅಕ್ಕ ಕೈಯಲ್ಲಿದ್ದ ಬೋರ್ಡು ಕೆಳಗಿಟ್ಟು ಎದ್ದು ಹೋದಳು. ಮರುದಿನದಿಂದ ಅಂಗಡಿಗೆ ಬರುವುದನ್ನೇ ಬಿಟ್ಟಳು.

ಅವಳ ತಪ್ಪು ಹುಡುಕಲು ಕುಳಿತೆ. ವಾಲ್ಯೂಮ್ ಪೂರ್ತಿ ಇಳಿಸಿದಾಗ ಹಾಡು ನಿಂತಿತು, ಗುಂಯ್ ಸದ್ದು ಮಾತ್ರ ಅಷ್ಟೇ ಇತ್ತು. ಹಾಡಿನ ದಾರಿಯಲ್ಲಿ ಬರದಿದ್ದರೆ ಅದು ಮತ್ತೆಲ್ಲಿಂದ ಬರುತ್ತಿದೆ? ನೋಡೇಬಿಡೋಣ ಎಂದು ಬೇರೆ ಸಪ್ಲೈ ಜೋಡಿಸಿದೆ. ಸ್ಪೀಕರಿಗೆ ಕಿವಿ ಹಚ್ಚಿದರೂ ಗುಂಯ್ ಸದ್ದು ಕೇಳಲಿಲ್ಲ. ಕರೆಂಟಿನ ಏರಿಳಿತವನ್ನು ಸಮ ಮಾಡುವ ಕೆಪಾಸಿಟರನ್ನು ನಾನು ಹಳೆಯ ಸೆಟ್ಟೊಂದರಿಂದ ಕಿತ್ತು ನನ್ನ ಸಪ್ಲೈಗೆ ಕೂರಿಸಿದ್ದೆ. ಅದು ಒಳಗೇ ಒಣಗಿಹೋಗಿತ್ತು. ಹೊಸದು ಹಾಕಿದೆ.

ಹಿರಿಯರು ಸೆಟ್ಟು ಒಯ್ಯಲು ಬಂದ ದಿನ ಅಕ್ಕನನ್ನೂ ಕರೆತಂದೆ. ಅವರೆದುರಿಗೇ ಹೇಳಿದೆ: “ಅಕ್ಕಾ, ನಿನ್ನ ಕೆಲಸ ಚಲೋನ ಇತ್ತು. ಕೆಟ್ಟಿದ್ದು ನಂದು. ನೋಡಲಾರದ ನಿನ್ನ ಮ್ಯಾಲ ಹಾಕಿದ್ನಿ. ತಪ್ಪಾತು ಬೇ.”